ಭಾವನ ಸೊಂಟದ ಪಿಸ್ತೂಲು

ಡೊಂಬಿವಲಿ ಪೂರ್ವ

ನಾವು ಅಮೆರಿಕಕ್ಕೆ ಹೊರಟಿದ್ದೇವೆ ಎಂಬ ಸುದ್ದಿ ಹಬ್ಬಿದ್ದೇ ತಡ, ನಮ್ಮ ಬಿಲ್ಡಿಂಗಿನವರಿಗೆಲ್ಲ ನನ್ನ ಪ್ರಾಣದ ಚಿಂತೆ ಹತ್ತಿಕೊಂಡಿತು. ಮೂರನೇ ಮಾಳಿಗೆಯ ಜೋಶಿ ಕಾಕಾ ಮೆಟ್ಟಿಲಲ್ಲಿ ಅಡ್ಡ ನಿಂತು, "ಅಣ್ಣಾ, ಸಾಂಭಾಳೂನ್ ಹಾಂ. ತಿಕಡೆ ಲೋಕ್ ಗೋಳ್ಯಾ ಘಾಲತಾತ್," ಎಂದರು. ಅಲ್ಲಿ ಜನ ಗುಂಡು ಹಾರಿಸುತ್ತಾರೆ, ಜೋಪಾನ ಎಂದರ್ಥ. ಈ ಜೋಶಿ ಕಾಕಾ ತಮ್ಮ ನೌಕರಿಯ ಕಾಲವನ್ನೆಲ್ಲ ಫಾಸ್ಟ್ ಲೋಕಲಿನ ಬಾಗಿಲಲ್ಲಿ ಒಂದು ಕಾಲು ಒಳಗೆ, ಉಳಿದದ್ದೆಲ್ಲ ಹೊರಗೆ ಇಟ್ಟುಕೊಂಡೇ ಕಳೆದವರು. ಅಂಥವರಿಗೂ ನನ್ನ ಜೀವದ ಬಗ್ಗೆ ಹೆದರಿಕೆಯಾದರೆ ವಿಷಯ ಗಂಭೀರವೇ ಇರಬೇಕು ಎಂದು ನನಗೂ ಒಳಗೊಳಗೇ ಅನಿಸಿತು.

ಬಂದೂಕಿನ ವಿಚಾರದಲ್ಲಿ ನನ್ನ ಅನುಭವ ಅಷ್ಟಕ್ಕಷ್ಟೆ. ವಿಠ್ಠಲವಾಡಿ ಸ್ಟೇಷನ್ನಿನ ಎದುರು ನಮ್ಮದೊಂದು ಸಣ್ಣ ಸಸ್ಯಾಹಾರಿ ಹೋಟೆಲು. ಪಕ್ಕದ ಬ್ಯಾಂಕಿನ ಕಾವಲುಗಾರ ತಿವಾರಿ ದಿನಾ ಬೆಳಿಗ್ಗೆ ಇಡ್ಲಿಗೆ ಬರುತ್ತಾನೆ. ಬಂದವನು ತನ್ನ ಜೋಡುನಳಿಗೆಯ ಬಂದೂಕನ್ನು ಕೈ ತೊಳೆಯುವ ಬೇಸಿನ್ನಿನ ಪಕ್ಕ, ಗಿರಾಕಿಗಳ ಕೊಡೆಗಳ ನಡುವೆ ಒರಗಿಸಿಡುತ್ತಾನೆ. ಒಂದು ಮಳೆಗಾಲದಲ್ಲಿ ಗಿರಾಕಿಯೊಬ್ಬರು ಲೋಕಲ್ ತಪ್ಪುವ ಅವಸರದಲ್ಲಿ ಕೊಡೆಯೆಂದು ಅದನ್ನೇ ಎತ್ತಿಕೊಂಡು ಬಾಗಿಲವರೆಗೆ ಹೋಗಿದ್ದರು. ಅದರಲ್ಲಿ ಗುಂಡು ಇದೆಯೇ ಎಂದು ನಾನು ಕೇಳಿದ್ದಕ್ಕೆ ತಿವಾರಿ ಇನ್ನೊಂದು ಸೌಟು ಚಟ್ನಿ ಹಾಕಿಸಿಕೊಂಡು, "ಸೇಟ್, ವೋ ತೋ ಬ್ಯಾಂಕ್ ಕಾ ಸೀಕ್ರೆಟ್ ಹೈ," ಎಂದಿದ್ದ.

ನಾವು ಹೊರಟದ್ದು ಊರು ನೋಡಲಿಕ್ಕಲ್ಲ. ನನ್ನ ಹೆಂಡತಿ ಶಾಲಿನಿಯ ಅಣ್ಣ ರಘುಪತಿ, ನನ್ನ ಪಾಲಿಗೆ ರಘುಭಾವ, ಒಂದು ಕಾಲದಲ್ಲಿ ನಮ್ಮ ಬಿಲ್ಡಿಂಗಿನಲ್ಲೇ ಇದ್ದವರು. ಕಲ್ಯಾಣದ ಒಂದು ಆಫೀಸಿನಲ್ಲಿ ಗುಮಾಸ್ತರಾಗಿದ್ದರು. ಹೆಂಡತಿಯ ಕಡೆಯವರು ಕರೆಸಿಕೊಂಡರೆಂದು ಟೆಕ್ಸಸ್ ರಾಜ್ಯದ ಒಂದು ಸಣ್ಣ ಊರಿಗೆ ಹೋಗಿ, ಈಗ ಅಲ್ಲಿ ಪೆಟ್ರೋಲ್ ಪಂಪಿಗೆ ಅಂಟಿಕೊಂಡ ಅಂಗಡಿ ನಡೆಸುತ್ತಿದ್ದಾರೆ. ಅವರ ಒಬ್ಬಳೇ ಮಗಳು ಪಲ್ಲವಿ ಅದೇ ಊರಿನ ಶಾಲೆಯಲ್ಲಿ ಸಣ್ಣ ಮಕ್ಕಳ ಟೀಚರು. ಡೊಂಬಿವಲಿ ಬಿಡುವಾಗ ಅವಳು ಎರಡನೇ ಕ್ಲಾಸು. ಹಾಗಾಗಿ ಅವಳ ಕನ್ನಡವೂ ಹಿಂದಿಯೂ ಇವತ್ತಿಗೂ ಎರಡನೇ ಕ್ಲಾಸಿನಲ್ಲೇ ಇವೆ.

ಆ ಪಲ್ಲವಿ ಒಂದು ಬೆಳಿಗ್ಗೆ ಫೋನ್ ಮಾಡಿದಳು. "ಅತ್ತೆ, ಅಪ್ಪ ಮೇರೇಕೋ ಬರ್ತ್‌ಡೇ ಕೋ ಗನ್ ದಿಯಾ. ಗನ್! ರಿಬ್ಬನ್ ಕಟ್ಟಿ!"

ಶಾಲಿನಿ ಕೈಯಲ್ಲಿದ್ದ ಹಿಟ್ಟನ್ನು ಹಾಗೇ ಬಿಟ್ಟಳು. "ಬೆಡಿಯಾ? ಅಣ್ಣನಾ? ಜಿರಳೆ ಕಂಡ್ರೆ ಮಂಚ ಹತ್ತುವ ಜನ ಅವ!"

ಆ ಊರಿನ ಶಾಲೆಗಳಲ್ಲಿ ಟೀಚರುಗಳು ಪಿಸ್ತೂಲು ಇಟ್ಟುಕೊಳ್ಳಬಹುದೇ ಎಂಬ ಚರ್ಚೆ ನಡೆದಿತ್ತು. ಇಟ್ಟುಕೊಳ್ಳಲೇಬೇಕು ಎಂಬುದು ಅಪ್ಪನ ಪಕ್ಷ. ಸತ್ತರೂ ಇಲ್ಲ ಎಂಬುದು ಮಗಳ ಪಕ್ಷ. ಹುಟ್ಟುಹಬ್ಬದ ಕೇಕು ಕತ್ತರಿಸುವ ಮೊದಲೇ ಅವಳು ಎದ್ದುಹೋಗಿದ್ದಳು. ಅಂದಿನಿಂದ ಅಪ್ಪ ಮಗಳಿಗೆ ಮಾತಿಲ್ಲ. ನಮ್ಮ ಬಿಲ್ಡಿಂಗಿನ ಸೊಸೈಟಿಯಲ್ಲಿ ನೀರಿನ ಜಗಳ, ಪಾರ್ಕಿಂಗ್ ಜಗಳಗಳನ್ನೆಲ್ಲ ಬಗೆಹರಿಸುವವಳು ಶಾಲಿನಿಯೇ. ಇದನ್ನೂ ಹೋಗಿ ಬಗೆಹರಿಸುತ್ತೇನೆ ಎಂದು ಅವಳು ಹೊರಟಳು. ನಾನು ಲಗೇಜಿನ ಜೊತೆ ಹೊರಟೆ.

ವಿಮಾನ ನಿಲ್ದಾಣ, ಹ್ಯೂಸ್ಟನ್

ರಘುಭಾವನ ಹೆಂಡತಿ ವಸುಧತ್ತಿಗೆ ಊರಿಂದ ತರಲು ಹೇಳಿದ್ದು ಒಂದೇ ವಸ್ತು: ಕಾಯಿ ತುರಿಯುವ ಹೆರೆಮಣೆ. ಅಲ್ಲಿ ಸಿಗುವ ತುರಿದ ತೆಂಗಿನಕಾಯಿಗೆ ಮರದ ಪುಡಿಯ ರುಚಿಯಂತೆ. ಶಾಲಿನಿ ಕಬ್ಬಿಣದ ಹಲ್ಲಿನ, ಹಲಸಿನ ಮರದ ಹಳೇ ಹೆರೆಮಣೆಯನ್ನು ಸೀರೆಯಲ್ಲಿ ಸುತ್ತಿ ಪೆಟ್ಟಿಗೆಯಲ್ಲಿಟ್ಟಿದ್ದಳು. ಕಸ್ಟಮ್ಸಿನ ಹೆಂಗಸು ಸೀರೆ ಬಿಚ್ಚಿ ಅದನ್ನು ಎತ್ತಿ ಮೇಜಿನ ಮೇಲಿಟ್ಟು, ಎರಡು ಹೆಜ್ಜೆ ಹಿಂದೆ ಸರಿದಳು.

"ಇದೇನು?"

"ಕೋಕನಟ್," ಎಂದಳು ಶಾಲಿನಿ.

ಆ ಹೆಂಗಸು ಹೆರೆಮಣೆಯನ್ನು ನೋಡಿದಳು. ಅದು ಯಾವ ಕಡೆಯಿಂದಲೂ ತೆಂಗಿನಕಾಯಿಯ ಹಾಗೆ ಕಾಣುತ್ತಿರಲಿಲ್ಲ. ಹಲ್ಲಿನ ಮೇಲೆ ಬೆರಳಾಡಿಸಿ, "ಇದು ಆಯುಧವೇ?" ಎಂದು ಕೇಳಿದಳು. ಅವಳ ಸೊಂಟದಲ್ಲಿ ದೊಡ್ಡದೊಂದು ಪಿಸ್ತೂಲು ನೇತಾಡುತ್ತಿತ್ತು. ಈ ದೇಶದಲ್ಲಿ ಸಂಶಯ ಬಂದದ್ದು ಮಾತ್ರ ನಮ್ಮ ಹೆರೆಮಣೆಯ ಮೇಲೆ.

ನಾನು ಇಂಗ್ಲಿಷಿನಲ್ಲಿ ವಿವರಿಸಲು ಹೊರಟು ಇನ್ನಷ್ಟು ಕೆಡಿಸಿದೆ. ಕಡೆಗೆ ಶಾಲಿನಿ ಸೀರೆಯ ನೆರಿಗೆ ಎತ್ತಿ, ಹೆರೆಮಣೆಯನ್ನು ನೆಲದ ಮೇಲಿಟ್ಟು, ಅದರ ಮೇಲೆ ಕುಳಿತು, ಇಲ್ಲದ ತೆಂಗಿನಕಾಯಿಯ ಹೋಳನ್ನು ಎರಡೂ ಕೈಯಲ್ಲಿ ಹಿಡಿದು ಹೆರೆದು ತೋರಿಸಿದಳು. ಆ ಹೆಂಗಸು ಇನ್ನಿಬ್ಬರನ್ನು ಕರೆದಳು. ಅವರಿಗಾಗಿ ಇನ್ನೊಮ್ಮೆ ಹೆರೆದದ್ದಾಯಿತು. ಹಿಂದಿನ ಸಾಲಿನ ಗುಜರಾತಿ ಅಜ್ಜಿಯೊಬ್ಬಳು ಚಪ್ಪಾಳೆ ತಟ್ಟಿದಳು. ಪಿಸ್ತೂಲಿನ ಹೆಂಗಸು ನಗುತ್ತಾ ಹೆರೆಮಣೆಯನ್ನು ತಾನೇ ಸೀರೆಯಲ್ಲಿ ಸುತ್ತಿಕೊಟ್ಟಳು. ಮಗುವನ್ನು ಸುತ್ತುವಷ್ಟು ಜಾಗ್ರತೆಯಿಂದ.

ಭಾವನ ಊರು

ಹೊರಗೆ ರಘುಭಾವ ನಿಂತಿದ್ದರು. ತಲೆಗೂದಲು ಪೂರ್ತಿ ಹೋಗಿ, ಹೊಟ್ಟೆ ಪೂರ್ತಿ ಬಂದಿತ್ತು. ತಂಗಿಯನ್ನು ಕಂಡು ಕಣ್ಣಲ್ಲಿ ನೀರು ತಂದುಕೊಂಡರು. ನನ್ನನ್ನು ತಬ್ಬಿಕೊಂಡಾಗ ನನ್ನ ಪಕ್ಕೆಗೆ ಗಟ್ಟಿಯಾದದ್ದೇನೋ ಒತ್ತಿತು.

"ಎಂತ ಭಾವ ಇದು?"

"ಏನಿಲ್ಲ ಮಾರಾಯ, ಅಭ್ಯಾಸ," ಎಂದು ಅಂಗಿಯನ್ನು ಕೆಳಗೆಳೆದುಕೊಂಡರು.

ಅವರ ಊರಿನಲ್ಲಿ ಆಕಾಶ ಬಹಳ, ಜನ ಕಡಿಮೆ. ಡೊಂಬಿವಲಿ ಸ್ಟೇಷನ್ನಿನ ಸೇತುವೆಯ ಮೇಲೆ ಒಂದೇ ಹೊತ್ತಿಗೆ ಇರುವಷ್ಟು ಜನವನ್ನು ಇಡೀ ಊರಿನಲ್ಲಿ ಹರಡಿ ಬಿಟ್ಟ ಹಾಗೆ. ದೊಡ್ಡ ಅಂಗಡಿಯೊಂದರಲ್ಲಿ ಮೀನು ಹಿಡಿಯುವ ಗಾಳ, ಮಡಚುವ ಕುರ್ಚಿ, ಮಕ್ಕಳ ಸೈಕಲ್ಲುಗಳನ್ನು ದಾಟಿದರೆ ಗಾಜಿನ ಹಿಂದೆ ಸಾಲಾಗಿ ಬಂದೂಕುಗಳು. ಲೈಬ್ರರಿಯ ಬಾಗಿಲಲ್ಲಿ ಪಿಸ್ತೂಲಿನ ಚಿತ್ರಕ್ಕೆ ಅಡ್ಡಗೆರೆ ಎಳೆದ ಫಲಕ. ನಮ್ಮಲ್ಲಿ 'ಪಾದರಕ್ಷೆಗಳನ್ನು ಇಲ್ಲಿ ಬಿಡಿ' ಎಂದು ಬರೆಯುವ ಹಾಗೆ. ಆದರೆ ಬಿಡುವುದೆಲ್ಲಿ? ಕಾರಿನಲ್ಲಂತೆ. ಚಪ್ಪಲಿಯಾದರೆ ಯಾರಾದರೂ ಕದ್ದರೂ ಬರಿಗಾಲಲ್ಲಿ ಮನೆಗೆ ಬರಬಹುದು.

ಒಂದು ಮಾತು ಒಪ್ಪಿಕೊಳ್ಳಬೇಕು. ಸೊಂಟದಲ್ಲಿ ಪಿಸ್ತೂಲು ಇಟ್ಟುಕೊಂಡು ಹಾಲು, ಬ್ರೆಡ್ಡು ಕೊಳ್ಳಲು ಬಂದವರಷ್ಟು ವಿನಯವಂತರನ್ನು ನಾನು ಕಂಡಿಲ್ಲ. ನನಗಾಗಿ ಬಾಗಿಲು ಹಿಡಿದು ನಿಲ್ಲುತ್ತಿದ್ದರು. ಶಾಲಿನಿಗೆ 'ಮ್ಯಾಮ್' ಎನ್ನುತ್ತಿದ್ದರು. ಇಷ್ಟು ವರ್ಷಗಳಲ್ಲಿ ಥಾಣೆ ಜಿಲ್ಲೆಯಲ್ಲಿ ನನಗಾಗಿ ಯಾರೂ ಬಾಗಿಲು ಹಿಡಿದಿಲ್ಲ. ಹಿಡಿದಿದ್ದರೆ ಅದು ನಾನು ಲೋಕಲಿಗೆ ಹತ್ತದಿರಲಿ ಎಂದೇ.

ಪೆಟ್ರೋಲ್ ಪಂಪಿನ ಅಂಗಡಿ

ಭಾವನ ಅಂಗಡಿಯ ಕೌಂಟರಿನ ಹಿಂದೆ ನಾನು ಕುಳಿತಿದ್ದಾಗ ಟೋಪಿಯ ಮುದುಕರೊಬ್ಬರು ಕಾಫಿಗೆ ಬಂದರು. ನಮ್ಮ ದೇಶದಲ್ಲಿ ಪಿಸ್ತೂಲು ಯಾರಿಗೆ ಸಿಗುತ್ತದೆ ಎಂದು ಕೇಳಿದರು. ಲೈಸೆನ್ಸು ಸಿಗುವುದೇ ಕಷ್ಟ, ಸಿಕ್ಕಿದವರೂ ಚುನಾವಣೆ ಬಂತೆಂದರೆ ಠಾಣೆಗೆ ಹೋಗಿ ಒಪ್ಪಿಸಿ ಬರಬೇಕಾಗುತ್ತದೆ ಎಂದೆ.

"ಪೊಲೀಸರಿಗೇ? ಆಮೇಲೆ ವಾಪಸು ಕೊಡುತ್ತಾರೆಯೇ?"

"ಕೊಡುತ್ತಾರೆ."

"ಜನ ಗಲಾಟೆ ಮಾಡುವುದಿಲ್ಲವೇ?"

"ಚುನಾವಣೆಯ ಬೇರೆ ಗಲಾಟೆಗಳೇ ಸಾಕಷ್ಟಿರುತ್ತವೆ," ಎಂದೆ. ನಮ್ಮ ಕಡೆ ಮದುವೆ ಮೆರವಣಿಗೆಯಲ್ಲಿ ಸಂತೋಷಕ್ಕೆ ಗುಂಡು ಹಾರಿಸುವವರೂ ಇದ್ದಾರೆ, ಜಾಗದ ಜಗಳಕ್ಕೆ ಪಿಸ್ತೂಲು ತೆಗೆಯುವವರೂ ಇದ್ದಾರೆ ಎಂಬುದನ್ನು ಮಾತ್ರ ನುಂಗಿಕೊಂಡೆ. ಪರದೇಶದಲ್ಲಿ ನಮ್ಮ ಮಾನ ನಾವೇ ಕಾಯಬೇಕಷ್ಟೆ.

ಮುದುಕರು ಹೋದ ಮೇಲೆ ಭಾವ ತಾವಾಗಿಯೇ ಮಾತೆತ್ತಿದರು.

"ನೀವೆಲ್ಲ ನನ್ನನ್ನು ನೋಡಿ ನಗ್ತೀರಿ ಅಂತ ಗೊತ್ತುಂಟು ಸುಧಾಕರ. ಆದ್ರೆ ಇದೇ ಜಾಗದಲ್ಲಿ, ನೀನೀಗ ಕೂತಿದ್ದೀಯಲ್ಲ, ಅಲ್ಲೇ ನಾನು ನಿಂತಿದ್ದೆ. ಒಬ್ಬ ಬಂದ. ಸಣ್ಣ ಪ್ರಾಯ. ಪಿಸ್ತೂಲು ಹಣೆಗೆ ಇಟ್ಟ. 'ಸರ್, ಎಲ್ಲ ತೆಗೀರಿ' ಅಂದ. ಸರ್ ಅಂದ ಮಾರಾಯ! ನಾನು ಡ್ರಾಯರಲ್ಲಿ ಇದ್ದದ್ದೆಲ್ಲ ತೆಗೆದು ಅವನ ಮುಂದೆ ಇಟ್ಟೆ. ಇಟ್ಟು ಎಂತ ಕೇಳಿದೆ ಗೊತ್ತುಂಟಾ? 'ಚೀಲ ಬೇಕಾ?' ಅಂತ ಕೇಳಿದೆ."

ನನಗೆ ನಗು ಬಂತು. ಭಾವನೂ ನಕ್ಕರು.

"ಅವ ಬೇಡ ಅಂದ. ಥ್ಯಾಂಕ್ಯೂ ಹೇಳಿ ಹೋದ. ಪೊಲೀಸರು ಬರುವಷ್ಟರಲ್ಲಿ ನಾನು ನೆಲದಲ್ಲಿ ಕೂತಿದ್ದೆ, ಏಳ್ಲಿಕ್ಕೇ ಆಗ್ಲಿಲ್ಲ. ಮರುವಾರ ಇದನ್ನು ತಗೊಂಡೆ. ಇದು ಸೊಂಟದಲ್ಲಿ ಇದ್ರೆ ಮಾತ್ರ ಕಾಲು ನಿಲ್ತದೆ ನೋಡು. ಪಲ್ಲವಿಗೆ ಅದು ಅರ್ಥ ಆಗುವುದಿಲ್ಲ. ಅವಳ ಶಾಲೆಗೆ ಅಂಥವ ಒಬ್ಬ ನುಗ್ಗಿದ್ರೆ? ಅವಳು ಎಂತ ಕೇಳ್ಬೇಕು? ಚೀಲ ಬೇಕಾ ಅಂತಾನಾ?"

ಎರಡು ಕಾಫಿ ಮಾಡಿಕೊಂಡು ಕುಡಿದೆವು.

ಪಲ್ಲವಿಯ ತರಗತಿ

ಶಾಲಿನಿಯ ಸಂಧಾನ ಶಾಲೆಯಲ್ಲಿ ಶುರುವಾಯಿತು. ಅಪ್ಪನ ಮನೆಗೆ ಬರುವುದಿಲ್ಲ ಎಂದು ಪಲ್ಲವಿ ಹಟ ಹಿಡಿದದ್ದರಿಂದ ನಾವೇ ಅವಳನ್ನು ನೋಡಲು ಹೋದೆವು. ಶಾಲೆಯ ಬಾಗಿಲಲ್ಲಿ ಕ್ಯಾಮೆರಾಕ್ಕೆ ಮುಖ ತೋರಿಸಿ, ಪಾಸ್‌ಪೋರ್ಟ್ ಕೊಟ್ಟು, ಎದೆಗೆ ಚೀಟಿ ಅಂಟಿಸಿಕೊಂಡ ಮೇಲೆ ಒಳಗೆ ಬಿಟ್ಟರು. ನಮ್ಮಲ್ಲಿ ಶಾಲೆಯ ಕಾವಲುಗಾರ ಇರುವುದು ಮಕ್ಕಳು ಹೊರಗೆ ಓಡಿಹೋಗದಿರಲಿ ಎಂದು.

ಮಕ್ಕಳು ಮನೆಗೆ ಹೋಗಿದ್ದರು. ಗೋಡೆಯ ತುಂಬ ಅವರ ಚಿತ್ರಗಳು. ಪಲ್ಲವಿ ಶಾಲಿನಿಯನ್ನು ತಬ್ಬಿಕೊಂಡು ಅತ್ತಳು. ಆಮೇಲೆ ಕಣ್ಣೊರೆಸಿಕೊಂಡು ಬಾಗಿಲಿಂದ ದೂರದ ಮೂಲೆಯೊಂದನ್ನು ತೋರಿಸಿದಳು.

"ಮಾವ, ಗನ್‌ವಾಲಾ ಆಯಾ ತೋ ಅಂತ ಡ್ರಿಲ್ ಮಾಡ್ತೇವೆ, ಉಸ್‌ಮೇ ಬಚ್ಚೇಲೋಗ್ ಇಲ್ಲಿ ಕೂರ್ತಾರೆ. ಲೈಟ್ ಆಫ್. ಮಾತಾಡೋಹಾಗಿಲ್ಲ. ನಾನು ಅವರಿಗೆ, ಯಾರು ಜಾಸ್ತಿ ಸುಮ್ಮನೆ ಕೂರ್ತೀರಿ ನೋಡೋಣ, ಗೇಮ್ ಹೈ ಅಂತ ಹೇಳ್ತೇನೆ. ಒಬ್ಬಳು ಕೇಳಿದಳು, 'ಟೀಚರ್, ಸೀನು ಬಂದ್ರೆ?' ಮೈ ಕ್ಯಾ ಬೋಲೂ, ಮಾವ?"

ಶಾಲಿನಿ ಆ ಮೂಲೆಯನ್ನು ನೋಡುತ್ತಾ ನಿಂತಳು. ಸೊಸೈಟಿಯ ಜಗಳಗಳಲ್ಲಿ ಅವಳ ಮಾತು ಯಾವತ್ತೂ ಸೋತದ್ದಿಲ್ಲ. ಇಲ್ಲಿ ಅವಳು ಪುಟ್ಟ ಕುರ್ಚಿಯೊಂದನ್ನು ಎಳೆದು ಕುಳಿತಳು. "ನಿನ್ನ ಅಪ್ಪನಿಗೂ ಹೆದರಿಕೆಯೇ ಮಗಾ," ಎಂದಳು.

"ಗೊತ್ತು ಅತ್ತೆ. ಆದರೆ ಅಪ್ಪನ ಹೆದರಿಕೆ ನಾನು ಯಾಕೆ ಕ್ಲಾಸಿನ ಡ್ರಾಯರಲ್ಲಿ ಇಟ್ಟುಕೊಳ್ಳಬೇಕು?"

ಶಾಲಾ ಮಂಡಳಿಯ ಸಭೆ ಮುಂದಿನ ವಾರ ಎಂದಳು. ಊರಿನ ಯಾರು ಬೇಕಾದರೂ ಎದ್ದು ಮಾತಾಡಬಹುದು. ಅವಳು ಹೆಸರು ಕೊಟ್ಟಿದ್ದಳು. ಅಪ್ಪನೂ ಕೊಟ್ಟಿದ್ದಾರೆ ಎಂದು ಅವಳಿಗೆ ಗೊತ್ತಿತ್ತು. "ಪೂರಾ ಊರಿನ ಮುಂದೆ ನನ್ನ ಅಪ್ಪ ನನಗೆ ಎದುರು ಮಾತಾಡ್ತಾರೆ," ಎಂದು ಅವಳು ಬೋರ್ಡನ್ನು ಒರೆಸತೊಡಗಿದಳು. ಬೋರ್ಡಿನಲ್ಲಿ ಏನೂ ಬರೆದಿರಲಿಲ್ಲ.

ಹಿಂಬಾಗಿಲು

ಹೋಟೆಲಿನವನಿಗೆ ಬೆಳಿಗ್ಗೆ ಮಲಗಿರಲು ಬರುವುದಿಲ್ಲ. ಬೆಳಕು ಹರಿಯುತ್ತಿದ್ದ ಹಾಗೆ ಬ್ರಷ್ಷನ್ನು ಬಾಯಿಗಿಟ್ಟುಕೊಂಡು ಮುಂಬಾಗಿಲಿನಿಂದ ಹೊರಗೆ ಹೋದೆ. ಗ್ಯಾಲರಿಯಲ್ಲಿ ನಿಂತು, ರಸ್ತೆ ನೋಡುತ್ತಾ ಹಲ್ಲುಜ್ಜುವುದು ಡೊಂಬಿವಲಿಯ ಅಭ್ಯಾಸ. ಇಲ್ಲಿ ರಸ್ತೆಯಲ್ಲಿ ನೋಡಲು ಒಂದು ನರಪಿಳ್ಳೆಯೂ ಇರಲಿಲ್ಲ. ಒಂದು ಅಳಿಲಿನೊಂದಿಗೆ ಸ್ವಲ್ಪ ಹೊತ್ತು ಮುಖ ನೋಡಿಕೊಂಡು ತಿರುಗುವಷ್ಟರಲ್ಲಿ ಬಾಗಿಲು ತಾನಾಗಿ ಬೀಗ ಹಾಕಿಕೊಂಡಿತ್ತು. ಸುತ್ತು ಹೊಡೆದು ನೋಡಿದರೆ ಅಡುಗೆಮನೆಯ ಹಿಂಬಾಗಿಲ ಚಿಲಕ ಸಡಿಲವಿತ್ತು. ಮಲಗಿದವರನ್ನು ಎಬ್ಬಿಸಬಾರದೆಂಬ ಸೌಜನ್ಯದಿಂದ ಮೆಲ್ಲಗೆ ದೂಡಿ, ಹೆಜ್ಜೆಯ ಸದ್ದಾಗದಂತೆ ಒಳಗೆ ಬಂದೆ. ಅಂದರೆ, ಸಾಕ್ಷಾತ್ ಕಳ್ಳನ ಹಾಗೆ.

ಎದುರಿಗೆ ರಘುಭಾವ. ಬನಿಯನ್ನು, ಮುಂಡು, ಎರಡೂ ಕೈಯಲ್ಲಿ ಹಿಡಿದ ಪಿಸ್ತೂಲು.

"ಭಾವಾ" ಎಂದೆ. ಬಾಯಿತುಂಬ ನೊರೆಯಿದ್ದದ್ದರಿಂದ ಅದು "ಬ್ಲಬ್ಬಾ" ಎಂದು ಹೊರಬಂತು. ನೊರೆ ಜಾರಿ ಕಾರ್ಪೆಟ್ಟಿನ ಮೇಲೆ ಬಿತ್ತು.

ಇದನ್ನು ಈಗ ತಮಾಷೆಯಾಗಿ ಬರೆಯಬಲ್ಲೆ. ಆಗ ನಾನು ನೋಡಿದ್ದು ಪಿಸ್ತೂಲನ್ನಲ್ಲ, ಅದರ ಹಿಂದಿದ್ದ ಕಣ್ಣುಗಳನ್ನು. ಆ ಕಣ್ಣುಗಳಿಗೆ ನನ್ನ ಗುರುತಿರಲಿಲ್ಲ. ನನ್ನ ಮದುವೆಯಲ್ಲಿ ನನಗೆ ಪೇಟ ಕಟ್ಟಿದವರು, ನನ್ನ ಹೋಟೆಲಿನಲ್ಲಿ ತಮ್ಮ ಮನೆಗಿಂತ ಹೆಚ್ಚು ಊಟ ಮಾಡಿದವರು. ಅವರು ನನ್ನನ್ನು ನೋಡುತ್ತಿದ್ದರು, ಆದರೆ ಕಾಣುತ್ತಿರಲಿಲ್ಲ. ತೋರುಬೆರಳು ಪಿಸ್ತೂಲಿನ ಟ್ರಿಗರಿನ ಮೇಲಿತ್ತು. ನಾನು ಎರಡೂ ಕೈ ಮೇಲೆತ್ತಿದೆ, ಒಂದರಲ್ಲಿ ಬ್ರಷ್ಷು.

ಆಮೇಲೆ ಅವರ ಕಣ್ಣಿಗೆ ನಾನು ಒಂದೊಂದಾಗಿ ಮರಳಿ ಬಂದೆ. ಮೊದಲು ಬಹುಶಃ ಬ್ರಷ್ಷು, ಆಮೇಲೆ ನನ್ನ ಮೂಗು. ಪಿಸ್ತೂಲು ಕೆಳಗಿಳಿಯಿತು. ಭಾವ ಅದನ್ನು ಮೇಜಿನ ಮೇಲಿಟ್ಟು, ಒಂದು ಬಟ್ಟೆ ತಂದು, ಮೊಣಕಾಲೂರಿ ಕಾರ್ಪೆಟ್ಟಿನ ನೊರೆ ಒರೆಸತೊಡಗಿದರು. ಕಲೆ ಹೋದ ಮೇಲೂ ಒರೆಸುತ್ತಲೇ ಇದ್ದರು.

"ಸಾಕು ಭಾವ, ಹೋಯ್ತು," ಎಂದೆ.

"ಶಾಲಿನಿಗೆ ಹೇಳ್ಬೇಡ," ಎಂದರು ತಲೆಯೆತ್ತದೆ. "ವಸುಧೆಗೂ ಬೇಡ. ಯಾರಿಗೂ ಬೇಡ ಮಾರಾಯ."

ಹೇಳುವುದಿಲ್ಲ ಎಂದೆ. ಕುರ್ಚಿಯಲ್ಲಿ ಕುಳಿತ ಮೇಲೆ, ಬಾಯಲ್ಲಿ ಉಳಿದಿದ್ದ ಪೇಸ್ಟನ್ನೆಲ್ಲ ನುಂಗಿಬಿಟ್ಟಿದ್ದೇನೆಂದು ತಿಳಿಯಿತು. ತಿಂಡಿಗೆ ಅತ್ತಿಗೆ ನಮ್ಮ ಹೆರೆಮಣೆಯಲ್ಲಿ ಹೆರೆದ ಕಾಯಿ ಹಾಕಿ ಅವಲಕ್ಕಿ ಮಾಡಿದ್ದರು. ಭಾವ ಒಂದು ತುತ್ತೂ ತಿನ್ನಲಿಲ್ಲ. "ಶುಗರ್ ಜಾಸ್ತಿಯಾಗಿದೆಯಾ ಎಂತ?" ಎಂದು ಅತ್ತಿಗೆ ಕೇಳಿದರು. ನಾನು ನನ್ನ ತಟ್ಟೆಯನ್ನೇ ನೋಡುತ್ತಾ ಕುಳಿತೆ.

ಶಾಲೆಯ ಸಭಾಂಗಣ

ನಮ್ಮ ಸೊಸೈಟಿಯ ವಾರ್ಷಿಕ ಸಭೆಯಲ್ಲಿ ಮೊದಲು ಮೈಕು ಹಿಡಿದವರೇ ಅಧ್ಯಕ್ಷರು, ಬಿಟ್ಟುಕೊಟ್ಟವರೇ ಮೂರ್ಖರು. ಇಲ್ಲಿ ಹಾಗಲ್ಲ. ಪ್ರತಿಯೊಬ್ಬರಿಗೂ ಮೂರು ನಿಮಿಷ. ಎದುರಿಗೊಂದು ಪುಟ್ಟ ದೀಪ. ಅದು ಕೆಂಪಾದರೆ, ವಾಕ್ಯದ ನಡುವಿದ್ದರೂ ನಿಲ್ಲಿಸಿ, ಥ್ಯಾಂಕ್ಯೂ ಹೇಳಿ ಕೂರಬೇಕು. ಇಷ್ಟು ದೊಡ್ಡ ವಿಷಯದ ಮೇಲೆ ಇಷ್ಟು ಕೋಪದಲ್ಲಿದ್ದ ಜನ ಆ ದೀಪಕ್ಕೆ ತಲೆಬಾಗುವುದನ್ನು ನೋಡಿ ನಾನು ಬೆರಗಾದೆ. ಜೋಶಿ ಕಾಕಾ ಇದ್ದಿದ್ದರೆ ಮೊದಲು ಆ ದೀಪದ ಬಲ್ಬು ಕೀಳುತ್ತಿದ್ದರು.

ಕಾಫಿಗೆ ಬರುತ್ತಿದ್ದ ಟೋಪಿಯ ಮುದುಕರು ಎದ್ದರು. ಟೋಪಿ ತೆಗೆದು ಎದೆಗೆ ಹಿಡಿದು, ತಮ್ಮ ಕಡೆಯ ಶಾಲೆಗೆ ಪೊಲೀಸರು ಬರಬೇಕಾದರೆ ಬಹಳ ಹೊತ್ತು ಬೇಕು, ಅಲ್ಲಿಯವರೆಗೆ ಮೊಮ್ಮಕ್ಕಳನ್ನು ಕಾಯುವವರು ಯಾರು ಎಂದು ಕೇಳಿದರು. ಮೆತ್ತಗೆ ಕೇಳಿದರು. ಆ ಪ್ರಶ್ನೆಯನ್ನು ಸುಳ್ಳೆನ್ನಲು ನನ್ನಿಂದಾಗಲಿಲ್ಲ. ಆಮೇಲೆ ಒಬ್ಬ ತಾಯಿ ಎದ್ದು, ಟೀಚರಿನ ಚೀಲದಲ್ಲಿ ಪಿಸ್ತೂಲಿರುವ ಕೋಣೆಗೆ ಮಗನನ್ನು ಕಳಿಸಲಾರೆ ಎಂದಳು. ಅವಳ ಮಾತೂ ಸುಳ್ಳಲ್ಲ. ಎರಡೂ ಕಡೆ ತಲೆಯಾಡಿಸಿ ನನ್ನ ಕುತ್ತಿಗೆ ನೋಯತೊಡಗಿತು.

ಪಲ್ಲವಿ ಎದ್ದಳು. ಇಂಗ್ಲಿಷಿನಲ್ಲಿ ಅವಳು ಎರಡನೇ ಕ್ಲಾಸಿನವಳಲ್ಲ. "ಪಿಸ್ತೂಲನ್ನು ನನ್ನ ಮೇಜಿನ ಡ್ರಾಯರಿನಲ್ಲಿ ಬೀಗ ಹಾಕಿ ಇಡಬಹುದು ಎನ್ನುತ್ತೀರಿ. ಆ ಡ್ರಾಯರಿನಲ್ಲಿ ಏನಿದೆ ಗೊತ್ತೇ? ಬಿದ್ದ ಹಲ್ಲು ಹಾಕಿಕೊಡುವ ಡಬ್ಬಿಗಳು. ಒದ್ದೆ ಮಾಡಿಕೊಂಡವರಿಗೆ ಬದಲಿ ಚಡ್ಡಿಗಳು. ದಿನಕ್ಕೆ ಎಷ್ಟೋ ಸಲ ಮಕ್ಕಳೇ ಅದನ್ನು ತೆರೆಯುತ್ತಾರೆ. ಅದಕ್ಕೆ ಬೀಗ ಹಾಕುವ ದಿನ ನಾನು ಅವರಿಗೆ ಟೀಚರಾಗಿ ಉಳಿಯುವುದಿಲ್ಲ." ದೀಪ ಕೆಂಪಾಗುವ ಮೊದಲೇ ಕುಳಿತಳು.

ಮುಂದಿನ ಹೆಸರು ರಘುಭಾವನದು.

ಅವರು ಇಸ್ತ್ರಿ ಮಾಡಿದ ಅಂಗಿಯಲ್ಲಿ ಮೈಕಿನ ಬಳಿ ಹೋಗಿ ನಿಂತರು. ಬರೆದು ತಂದಿದ್ದ ಕಾಗದವನ್ನು ಬಿಡಿಸಿದರು. ಕನ್ನಡಕ ಹಾಕಿಕೊಂಡರು. ಕನ್ನಡಕ ತೆಗೆದರು.

"ನಿಮ್ಮಲ್ಲಿ ತುಂಬ ಜನ ನನ್ನ ಅಂಗಡಿಯ ಕಾಫಿ ಕುಡಿಯುವವರು. ನಾನು ಟೀಚರುಗಳಿಗೆ ಪಿಸ್ತೂಲು ಕೊಡಿ ಎಂದು ಹೇಳಲು ಬಂದವನು. ಈಗ ಮಾತಾಡಿದವಳು ನನ್ನ ಮಗಳು. ಅವಳು ಬದುಕಿರಬೇಕು ಎಂಬುದು ಬಿಟ್ಟರೆ ನನಗೆ ಬೇರೆ ರಾಜಕೀಯವಿಲ್ಲ."

ಕಾಗದವನ್ನು ಮಡಚಿ ಜೇಬಿಗೆ ಹಾಕಿಕೊಂಡರು.

"ನನಗೆ ತರಬೇತಿ ಆಗಿದೆ. ಗುರಿ ಚೆನ್ನಾಗಿದೆ ಎಂದು ಕಲಿಸಿದವರೂ ಹೇಳಿದ್ದಾರೆ. ಮೊನ್ನೆ ನನ್ನ ಹಿಂಬಾಗಿಲಿನಿಂದ ಒಬ್ಬರು ಒಳಗೆ ಬಂದರು. ಗುರಿಯಿಟ್ಟೆ. ಬೆರಳು ಒತ್ತುವುದೊಂದೇ ಬಾಕಿಯಿತ್ತು. ಬಂದವರು ನನ್ನ ತಂಗಿಯ ಗಂಡ. ಬಾಯಲ್ಲಿ ಹಲ್ಲುಜ್ಜುವ ಬ್ರಷ್ಷಿತ್ತು. ಅಲ್ಲಿ ಮೂರನೇ ಸಾಲಿನಲ್ಲಿದ್ದಾರೆ. ಸುಧಾಕರ, ಎದ್ದು ನಿಲ್ಲು."

ಕೊನೆಯ ಮಾತು ಕನ್ನಡದಲ್ಲಿತ್ತು. ನಾನು ಎದ್ದು ನಿಂತೆ. ಇಡೀ ಸಭಾಂಗಣ ತಿರುಗಿ ನೋಡಿತು. ಹೀಗೆ ಸಾಯದೆ ಉಳಿದವನು ಏನು ಮಾಡಬೇಕೆಂದು ತಿಳಿಯದೆ ಕೈ ಮುಗಿದೆ. ಯಾರೋ ನಕ್ಕರು, ಯಾರೋ ಚಪ್ಪಾಳೆ ತಟ್ಟಿದರು. ಪಕ್ಕದಲ್ಲಿ ಶಾಲಿನಿ ನನ್ನ ಅಂಗಿಯ ತುದಿಯನ್ನು ಎಳೆದು ಹಿಡಿದದ್ದು ಬಿಡಲಿಲ್ಲ.

"ಇವರನ್ನು ನಾನು ಮೂವತ್ತು ವರ್ಷದಿಂದ ಬಲ್ಲೆ," ಎಂದರು ಭಾವ. "ನನ್ನ ಮನೆಯಲ್ಲೇ, ಬೆಳಗಿನ ಬೆಳಕಿನಲ್ಲೇ, ನನಗೆ ಇವರ ಗುರುತು ಸಿಗಲಿಲ್ಲ. ಹಾವು ಕಚ್ಚಿದವನಿಗೆ ಹಗ್ಗವೂ ಹಾವಾಗಿ ಕಾಣುತ್ತದೆ ಎನ್ನುತ್ತಾರೆ ನಮ್ಮ ಕಡೆ. ಹೆದರಿದವನ ಕಣ್ಣು ಅಷ್ಟೇ. ಕತ್ತಲೆಯ ಕಾರಿಡಾರಿನಲ್ಲಿ ಓಡಿ ಬರುವ ಮಗು ಯಾರದ್ದೆಂದು ನನ್ನ ಮಗಳು ಆ ಹೊತ್ತಿನಲ್ಲಿ..."

ದೀಪ ಕೆಂಪಾಯಿತು. ರಘುಭಾವ ನಿಯಮಕ್ಕೆ ಹೆದರುವ ಮನುಷ್ಯ. ಅಲ್ಲಿಗೇ ನಿಲ್ಲಿಸಿ, ಥ್ಯಾಂಕ್ಯೂ ಹೇಳಿ ಬಂದು ಕುಳಿತರು. ಮುಂದಿನ ಸಾಲಿನಲ್ಲಿದ್ದ ಪಲ್ಲವಿ ತಿರುಗಿ ನೋಡಲಿಲ್ಲ. ಅವಳ ಹೆಗಲು ಮಾತ್ರ ಅಲುಗುತ್ತಿತ್ತು.

ಕೊನೆಗೆ ಮಂಡಳಿಯವರು ಕೈ ಎತ್ತಿದರು. ಬೇಕೆಂದವರ ಕೈಗಳೇ ಹೆಚ್ಚಿದ್ದವು. ಪ್ರಸ್ತಾಪ ಪಾಸಾಯಿತು. ಇಷ್ಟವಿದ್ದ ಟೀಚರುಗಳು ತರಬೇತಿ ಪಡೆದು ಪಿಸ್ತೂಲು ಇಟ್ಟುಕೊಳ್ಳಬಹುದು. ಪಲ್ಲವಿಯ ಪಕ್ಕದ ತರಗತಿಯ ಟೀಚರು, ಅವಳ ಒಳ್ಳೆಯ ಗೆಳತಿ, ತಾನು ಇಟ್ಟುಕೊಳ್ಳುತ್ತೇನೆ ಎಂದು ಅಲ್ಲೇ ಹೇಳಿದಳು. ಹೇಳಿ ಪಲ್ಲವಿಯನ್ನು ತಬ್ಬಿಕೊಂಡಳು. ಇವಳೂ ತಬ್ಬಿಕೊಂಡಳು. ಆ ಎರಡು ಕೋಣೆಗಳ ನಡುವೆ ಇರುವುದು ಒಂದೇ ಗೋಡೆ.

ಭಾವನ ಅಡುಗೆಮನೆ

ಮನೆಗೆ ಬಂದದ್ದೇ ಶಾಲಿನಿ ನಮ್ಮಿಬ್ಬರನ್ನೂ ಸಾಲಾಗಿ ನಿಲ್ಲಿಸಿದಳು. "ನೀವು ನನಗೆ ಹೇಳ್ಲಿಲ್ಲ ಯಾಕೆ? ನನ್ನ ಗಂಡನನ್ನು ನನ್ನ ಅಣ್ಣ ಗುಂಡು ಹೊಡೆಯಲಿಕ್ಕೆ ಹೊರಟದ್ದು ನಾನು ಊರಿನವರ ಜೊತೆ ಕೂತು ಕೇಳ್ಬೇಕಿತ್ತಾ?" ಎಂದಳು. ಆಮೇಲೆ ನನ್ನ ತೋಳನ್ನು, ಬೆನ್ನನ್ನು ಮುಟ್ಟಿ ನೋಡಿದಳು, ನಾಲ್ಕು ದಿನಗಳ ಹಿಂದಿನ ಗುಂಡು ಈಗ ತಾಗಿದೆಯೋ ಎಂಬ ಹಾಗೆ.

ಅಷ್ಟರಲ್ಲಿ ಹಿಂಬಾಗಿಲು ತಟ್ಟಿದ ಸದ್ದಾಯಿತು. "ಅಪ್ಪಾ, ಮೈ ಹೂಂ. ಪಲ್ಲವಿ. ಗೋಲಿ ಮತ್ ಮಾರ್‌ನಾ."

ಭಾವ ಹೋಗಿ ಬಾಗಿಲು ತೆರೆದರು. ಅವಳು ಒಳಗೆ ಬಂದು ಅಪ್ಪನ ಭುಜಕ್ಕೆ ಹಣೆಯಿಟ್ಟು ನಿಂತಳು. ಅತ್ತಿಗೆ ಒಲೆಯ ಕಡೆ ತಿರುಗಿಕೊಂಡು, ಆಗಲೇ ಕುದಿದು ಮುಗಿದ ಸಾರನ್ನು ಮತ್ತೆ ಕುದಿಸಿದರು.

ಮರುದಿನ ಹುಟ್ಟುಹಬ್ಬದ ಪಿಸ್ತೂಲನ್ನು ಅಂಗಡಿಗೆ ಮರಳಿಸಲು ಹೋದೆವು. ಮಾರಿದ ಮಾಲಿಗೆ ಹಣ ವಾಪಸಿಲ್ಲ, ಬದಲಿಗೆ ಬೇರೇನಾದರೂ ಒಯ್ಯಿರಿ ಎಂದರು, ಥೇಟ್ ಕಲ್ಯಾಣದ ಸೀರೆ ಅಂಗಡಿಯವರ ಹಾಗೆ. ಅದರ ಬದಲಿಗೆ ಗಟ್ಟಿಯಾದ ಉಕ್ಕಿನ ಪೆಟ್ಟಿಗೆಯೊಂದನ್ನು ತಂದು, ಭಾವನ ಪಿಸ್ತೂಲನ್ನು ಅದರೊಳಗಿಟ್ಟದ್ದಾಯಿತು. ಮಾರಿಬಿಡಿ ಎಂದು ಪಲ್ಲವಿ ಹೇಳಿದಳು. ಅಂಗಡಿಯಲ್ಲಿ ಕಾಲು ನಿಲ್ಲುವುದಿಲ್ಲ, ಸದ್ಯಕ್ಕೆ ಇಷ್ಟೇ ಆಗುವುದು ಮಗಾ ಎಂದರು ಭಾವ. ಅವಳು ಒತ್ತಾಯಿಸಲಿಲ್ಲ.

ಪೆಟ್ಟಿಗೆಗೆ ಗುಪ್ತ ಸಂಖ್ಯೆಯೊಂದನ್ನು ಹಾಕಬೇಕು. ವಸುಧತ್ತಿಗೆ, "ನಾನು ಹಾಕ್ತೇನೆ, ನೀವೆಲ್ಲ ಆಚೆ ತಿರುಗಿ," ಎಂದು ಸೆರಗು ಅಡ್ಡ ಹಿಡಿದು ಗುಂಡಿಗಳನ್ನು ಒತ್ತಿದರು.

"ನಂಬರ್ ಎಂತ?" ಎಂದರು ಭಾವ.

"ನಿಮಗ್ಯಾಕೆ? ಅಂಗಡಿಗೆ ಹೋಗುವಾಗ ನಾನೇ ತೆಗೆದುಕೊಡ್ತೇನೆ. ಬಂದಮೇಲೆ ನಾನೇ ಇಡ್ತೇನೆ."

"ಮನೆಗೆ ಕಳ್ಳ ಬಂದ್ರೆ?"

"ಬಂದ್ರೆ ಎಬ್ಬಿಸಿ. ಅವ ಯಾರು ಅಂತ ಮೊದಲು ನಾನು ನೋಡ್ತೇನೆ."

ರಸ್ತೆ

ನಾವು ಹೊರಡುವ ಬೆಳಿಗ್ಗೆ, ಹಲ್ಲುಜ್ಜಿ, ಬಾಯಿ ತೊಳೆದು, ಸದ್ದು ಮಾಡಿಕೊಂಡೇ ಹೊರಗೆ ಬಂದೆ. ಮುಂಬಾಗಿಲ ಮೆಟ್ಟಿಲ ಮೇಲೆ ರಘುಭಾವ ಎರಡು ಲೋಟ ಕಾಫಿ ಇಟ್ಟುಕೊಂಡು ಕುಳಿತಿದ್ದರು. ಕಣ್ಣು ಕೆಂಪಗಿತ್ತು.

"ನಿದ್ದೆ ಬರ್ಲಿಲ್ಲ," ಎಂದರು. "ಪೆಟ್ಟಿಗೆ ಒಳಗೆ ಉಂಟಲ್ಲ, ಅದಕ್ಕೆ."

"ಹಾಗಾದ್ರೆ ಸ್ವಲ್ಪ ನಡೆದು ಬರುವ ಭಾವ."

"ನಡೆಯುವುದಾ? ಇಲ್ಲಿ ಯಾರೂ ನಡೆಯುವುದಿಲ್ಲ ಮಾರಾಯ."

"ಕಲ್ಯಾಣದಲ್ಲಿ ಸ್ಟೇಷನ್ನಿಂದ ಆಫೀಸಿಗೆ ರಿಕ್ಷಾ ಬಿಟ್ಟು ನಡೀತಿದ್ರಲ್ಲ ನೀವು."

ಲೋಟ ಕೆಳಗಿಟ್ಟು ಎದ್ದರು. ಅಂಗಿಯ ಕೆಳಗೆ ಸೊಂಟವನ್ನು ಒಮ್ಮೆ ಮುಟ್ಟಿಕೊಂಡರು. ಅಲ್ಲಿ ಏನೂ ಇರಲಿಲ್ಲ. ಆ ಕೈಯನ್ನು ಏನು ಮಾಡಬೇಕೆಂದು ತಿಳಿಯದೆ ಜೇಬಿಗೆ ಹಾಕಿಕೊಂಡರು. ಮೊದಲ ತಿರುವಿನವರೆಗೆ ಪ್ರತಿ ಸದ್ದಿಗೂ ತಿರುಗಿ ನೋಡುತ್ತಿದ್ದರು. ಕಾರಿನ ಬಾಗಿಲಿಗೆ, ನಾಯಿಗೆ, ನೀರು ಚಿಮ್ಮುವ ಪೈಪಿಗೆ. ಎರಡನೇ ತಿರುವಿನಲ್ಲಿ ಸ್ವಲ್ಪ ಕಡಿಮೆಯಾಯಿತು.

ಮರಳಿ ಬರುವಾಗ ಅವರ ಮನೆಯ ಎದುರು ಸಾಲಿನ ಒಂದು ಅಂಗಳದಲ್ಲಿ ವಯಸ್ಸಾದ ಹೆಂಗಸೊಬ್ಬಳು ಗುಲಾಬಿ ಗಿಡಗಳಿಗೆ ನೀರು ಹಾಕುತ್ತಿದ್ದಳು. ನಮ್ಮನ್ನು ಕಂಡು ಪೈಪು ಕೆಳಗಿಟ್ಟು, ಕೈಯೊರೆಸಿಕೊಂಡು ಬೇಲಿಯ ತನಕ ಬಂದಳು. ಭಾವನ ಮನೆಯ ಕಡೆ ಕೈ ತೋರಿಸಿ, ತುಂಬ ಸಂತೋಷದಿಂದ ಕೇಳಿದಳು: "ಓ, ಆ ಮನೆಗೆ ಹೊಸಬರು ಬಂದಿದ್ದೀರಾ?"

ರಘುಭಾವ ಆ ಮನೆಯಲ್ಲಿ ಹನ್ನೊಂದು ವರ್ಷದಿಂದ ಇದ್ದಾರೆ. ಅವರು ತಮ್ಮ ಮನೆಯ ಕಡೆ ತಿರುಗಿ ನೋಡಿದರು, ಆ ಹೆಂಗಸನ್ನು ನೋಡಿದರು, ನನ್ನನ್ನು ನೋಡಿದರು. ಆಮೇಲೆ ಜೇಬಿನಿಂದ ಕೈ ತೆಗೆದು ಬೇಲಿಯಾಚೆಗೆ ಚಾಚಿ, ತಮ್ಮ ಹೆಸರು ಹೇಳಿ, "ಹೌದು, ಈಗಷ್ಟೇ ಬಂದೆವು," ಎಂದರು.